ಕಿಟಕಿ ಕೀಳುವ ಮುನ್ನ ಊದುಬತ್ತಿ ಹಚ್ಚಿ

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೆಯ ಮನೆ ಕೊಂಡಿದ್ದಾರೆ. ಚಳಿಗಾಲದಲ್ಲಿ ಕಿಟಕಿಯ ಹತ್ತಿರ ಕೂರಲು ಆಗುವುದಿಲ್ಲವಂತೆ. ಎಲ್ಲವನ್ನೂ ಕೀಳಿಸಿ ಜೋಡಿ ಗಾಜಿನ ಕಿಟಕಿ ಹಾಕಿಸುತ್ತಾರಂತೆ. ಖರ್ಚು ಕೇಳಿ ಎದೆ ಧಸಕ್ಕೆಂದಿತು. ನಮ್ಮ ಸಾಗವಾನಿ ಕಿಟಕಿಗಳನ್ನೂ ಹಾಗೇ ಬದಲಿಸಿ ಎನ್ನುತ್ತಾಳೆ. ಏನು ಮಾಡಲಿ?
– ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ತಾಯಿ, ಮಗಳು ಹೇಳುವ ಚಳಿ ಸುಳ್ಳಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ರಾತ್ರಿಗಳು ಅಲ್ಲಿ ಹೊಸತಲ್ಲ. ಆ ಸೀಮೆಯಲ್ಲಿರುವ ನನ್ನ ಮಗನ ಮನೆಯಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ. ಬೆಳಗಾದರೆ ಒಂಟಿ ಗಾಜಿನ ಒಳಮೈಗೇ ಹಿಮ ಹೆಪ್ಪುಗಟ್ಟಿರುತ್ತಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಬಿಸಿಲೇರಿದಂತೆ ಕರಗಿ ಚೌಕಟ್ಟಿನ ಕೆಳಪಟ್ಟಿಗೆ ಇಳಿಯುತ್ತಿತ್ತು. ಅಲ್ಲಿನ ಮರ ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು.

ಆದರೂ ದುಡ್ಡು ಸುರಿಯುವ ಮೊದಲು ಚಳಿ ನುಗ್ಗುವ ದಾರಿಯನ್ನು ಹುಡುಕಲಿ. ಗಾಳಿ ಬೀಸುವ ದಿನ ಪರದೆ ಸರಿಸಿ, ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನವಾಗಿ ಹಿಡಿಯಲಿ. ಹೊಗೆ ಅಡ್ಡಡ್ಡ ಓಡಿದಲ್ಲಿ ಸಂದಿದೆ. ಕದದ ಸಂದಿಗೆ ರಬ್ಬರ್ ಪಟ್ಟಿ, ಗೋಡೆಯ ಬಿರುಕಿಗೆ ಸೀಲೆಂಟ್ ಎನ್ನುವ ಸಂದಿ ಮುಚ್ಚುವ ಅಂಟು ಸಾಕು. ಮರ ಗಟ್ಟಿಯಿದ್ದರೆ ಹೊರಗಿನಿಂದ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಬಹುದು. ‘ಸ್ಟಾರ್ಮ್ ವಿಂಡೋ’ ಎನ್ನುವ ಈ ಪದ್ಧತಿ ಅಲ್ಲಿ ಹಳೆಯದು. ಹೊಸ ಕಿಟಕಿಗೆ ಹಾಕಿದ ಹಣ ಮನೆ ಬೆಚ್ಚಗಿಡುವ ಬಿಲ್ಲಿನ ಉಳಿತಾಯದಿಂದಲೇ ಮರಳಬೇಕೆಂದರೆ ಬಹಳ ವರ್ಷ ಕಾಯಬೇಕು. ಹಾಗಾಗಿ ಕೊಳೆತವನ್ನಷ್ಟೇ ಬದಲಿಸಲಿ.

ಬದಲಿಸುವಾಗ ಜಿಪುಣತನ ಬೇಡ. ಎರಡು ಗಾಜುಗಳ ನಡುವೆ ಆರ್ಗಾನ್ ಅನಿಲವಿರಲಿ. ಅದು ಗಾಳಿಗಿಂತ ಕಡಿಮೆ ಶಾಖ ದಾಟಿಸುತ್ತದೆ. ಗಾಜಿಗೆ ‘ಲೋ-ಇ’ ಲೇಪವಿರಲಿ. ಥರ್ಮಾಸ್ ಫ್ಲಾಸ್ಕಿನ ಒಳಗಿನ ಬೆಳ್ಳಿಮೈಯಂತೆ ಅದು ಕೋಣೆಯ ಶಾಖವನ್ನು ಕೋಣೆಗೇ ಮರಳಿಸುತ್ತದೆ. ಕಿಟಕಿಗೆ ಅಂಟಿಸಿದ ಚೀಟಿಯಲ್ಲಿ ‘ಯು-ಫ್ಯಾಕ್ಟರ್’ ನೋಡಲಿ. ಕಿಟಕಿ ಎಷ್ಟು ಶಾಖ ದಾಟಿಸುತ್ತದೆ ಎನ್ನುವ ಅಳತೆ ಅದು, ಕಡಿಮೆಯಿದ್ದಷ್ಟೂ ಒಳ್ಳೆಯದು. ಅಲ್ಲಿನ ಲೆಕ್ಕದಲ್ಲಿ ಒಂಟಿ ಗಾಜಿನದು 1ರ ಆಸುಪಾಸು, ಇಂಥ ಜೋಡಿ ಗಾಜಿನದು 0.3ರ ಸುಮಾರು. ಎಷ್ಟೇ ಒಳ್ಳೆಯ ಕಿಟಕಿಯಾದರೂ ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ಕೂರಿಸಿದರೆ ಹಾಕಿದ ದುಡ್ಡೆಲ್ಲ ನೀರಿನಲ್ಲಿ ಹೋಮ. ಕೂರಿಸುವ ದಿನ ಅಳಿಯಂದಿರು ಎದುರಿಗೇ ನಿಂತಿರಲಿ.

ಧಾರವಾಡದ ಮನೆಗೆ ಇದು ಖಂಡಿತ ಬೇಡ. ನಮ್ಮ ಡಿಸೆಂಬರ್ ಚಳಿಗೆ ಕದ ಮುಚ್ಚಿ ಕೌದಿ ಹೊದ್ದರೆ ಆಯಿತು. ನಿಮ್ಮ ಸಾಗವಾನಿಗೆ ಶತ್ರು ಜಡಿಮಳೆ. ಪಶ್ಚಿಮದ ಕಿಟಕಿಗಳ ಕೆಳಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಿದ್ದರೆ ಮಳೆಗಾಲಕ್ಕೆ ಮೊದಲು ಅಗಸೆ ಎಣ್ಣೆ ಹಚ್ಚಿಸಿ, ಮೆತ್ತಗಿದ್ದರೆ ಬಡಿಗರನ್ನು ಕರೆಸಿ ಆ ತುಂಡನ್ನಷ್ಟೇ ಬದಲಿಸಿ.