ಅಪ್ಪಂಗೆ ಅಯೋರ್ಟಿಕ್ ಡಿಸೆಕ್ಷನ್ (ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಮಹಾಧಮನಿಯ ಒಳಪದರ ಸೀಳೋದು) ಆಪರೇಷನ್ ಸಕ್ಸಸ್ ಅಂದ್ರು. ಅಪ್ಪ ಇನ್ನೆಷ್ಟು ವರ್ಷ ಚೆನ್ನಾಗಿರ್ತಾರೆ? ಟೊಮೆಟೊ ಮಂಡಿ ಕೆಲಸಕ್ಕೆ ವಾಪಸ್ ಹೋಗಬಹುದಾ?

ನಂದೂ ಟೈಪ್ ಎ, ಅಂದ್ರೆ ಹೃದಯದ ಹತ್ತಿರದ ಭಾಗದಲ್ಲೇ ಸೀಳಿದ್ದು; ನಂದೂ ಕೋಲಾರದ ಟೊಮೆಟೊ ಮಂಡಿ. ಹಾಗಾಗಿ ನೇರವಾಗಿ ಹೇಳ್ತೀನಿ: ‘ಎಷ್ಟು ವರ್ಷ’ ಅನ್ನೋ ಪ್ರಶ್ನೆ ಬಿಡಿ, ‘ಬಿಪಿ ಯಾವ ಕೈಯಲ್ಲಿ ನೋಡ್ತಿದ್ದೀವಿ’ ಅಂತ ಕೇಳ್ಕೊಳ್ಳಿ.

ಸಾಮಾನ್ಯವಾಗಿ ಬದಲಾಯಿಸಿರೋದು ಮಹಾಧಮನಿಯಲ್ಲಿ ಹೃದಯದಿಂದ ಹೊರಡೋ ಮೊದಲ ತುಂಡನ್ನ ಮಾತ್ರ. ಅಲ್ಲಿಗೆ ಡೇಕ್ರಾನ್ ಅನ್ನೋ ಕೃತಕ ಬಟ್ಟೆಯ ಕೊಳವೆ ಹಾಕಿರ್ತಾರೆ. ಎದೆಯ ಹಿಂದಿನಿಂದ ಹೊಟ್ಟೆಗಿಳಿಯೋ ಭಾಗದಲ್ಲಿ ಪದರ ಸೀಳಿದ್ದು ಬಹಳ ಜನಕ್ಕೆ ಹಾಗೇ ಉಳಿಯುತ್ತೆ. ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಫಾಲ್ಸ್ ಲೂಮೆನ್ ಪೇಟೆಂಟ್’ ಅಂತಿದ್ದರೆ ಸೀಳಿನೊಳಗೆ ಇನ್ನೂ ರಕ್ತ ಹರೀತಿದೆ ಅಂತ ಅರ್ಥ. ಅದು ಪೂರ್ತಿ ಹೆಪ್ಪುಗಟ್ಟಿ ಮುಚ್ಚಿದರೆ ಒಳ್ಳೇದು, ಹರೀತಿದ್ದರೆ ನಾಳ ನಿಧಾನವಾಗಿ ಉಬ್ಬಬಹುದು.

ನಾನು ಎಡವಿದ್ದು ಇಲ್ಲೇ. ಮನೇಲಿ ಮೆಷಿನ್ ಇತ್ತು. ಬರೆಯೋದು ಬಲಗೈ ಅಂತ ಪಟ್ಟಿ ಎಡಗೈಗೆ ಕಟ್ಟಿ ದಿನಾ ನೋಡ್ತಿದ್ದೆ, ಮೇಲಿನ ಬಿಪಿ 112, 114, 110. ಇಷ್ಟು ಕಡಿಮೆ ಯಾಕೆ ಅಂತ ಮಾತ್ರೆ ಅರ್ಧ ಮಾಡ್ಕೊಂಡೆ, ಆರನೇ ತಿಂಗಳ ಸಿಟಿನೂ ಬಿಟ್ಟೆ. ಸೀಳು ಎಡತೋಳಿಗೆ ಹೋಗೋ ನಾಳದ ಬಾಯಿಯನ್ನ ಕಿರಿದಾಗಿಸಿತ್ತು. ಬೋರ್‌ವೆಲ್ ಲೈನಲ್ಲಿ ವಾಲ್ವ್ ಅರ್ಧ ಮುಚ್ಚಿ, ಅದರಾಚೆ ಪ್ರೆಷರ್ ಗೇಜ್ ಇಟ್ಟ ಹಾಗೆ: ಗೇಜ್ ಕಡಿಮೆ ತೋರಿಸುತ್ತೆ, ಮೇನ್ ಪೈಪ್ ಮಾತ್ರ ಪೂರ್ತಿ ಒತ್ತಡ ತಿಂತಿರುತ್ತೆ. ಬಲಗೈಯಲ್ಲಿ 158 ಇತ್ತು. ವರ್ಷ ತುಂಬಿದಾಗ ಕೆಳಗಿನ ನಾಳ 4.2 ಸೆಂ.ಮೀ. ಇದ್ದದ್ದು 5.4 ಆಗಿ, ಒಳಗೆ ಸ್ಟೆಂಟ್ ಗ್ರಾಫ್ಟ್ (ಲೋಹದ ಜಾಲರಿ ಇರೋ ಬಟ್ಟೆ ಕೊಳವೆ) ಹಾಕಿಸಿಕೊಳ್ಳಬೇಕಾಯ್ತು.

ಆದ್ದರಿಂದ ಎರಡೂ ಕೈ ನೋಡಿ. ಐದು ನಿಮಿಷ ಸುಮ್ಮನೆ ಕೂತು, ಕಾಫಿ ಬೀಡಿ ಆಗಿ ಅರ್ಧ ಗಂಟೆ ಕಳೆದ ಮೇಲೆ, ಒಂದು ನಿಮಿಷ ಬಿಟ್ಟು ಎರಡು ಸಲ. ಪಟ್ಟಿ ತೋಳಿಗೆ, ಮಣಿಕಟ್ಟಿನದು ಬೇಡ. ಹೆಚ್ಚು ಬರೋ ಕೈಯೇ ಲೆಕ್ಕ, ಆಮೇಲೆ ಯಾವಾಗಲೂ ಅದೇ ಕೈ. 130/80ರ ಒಳಗಿರಬೇಕು, ತಡೆದುಕೊಳ್ಳೋರಿಗೆ ಮೇಲಿನದು 120 ಅಂತಾರೆ. ನಾಡಿ 60ರ ಆಸುಪಾಸು. ನಾಡಿ ಯಾಕೆ ಅಂದ್ರೆ, ಪ್ರತಿ ಬಡಿತವೂ ಸೀಳಿದ ಪದರಕ್ಕೆ ಒಂದು ಜಗ್ಗು. ಅದಕ್ಕೇ ಮೊದಲ ಮಾತ್ರೆ ನಾಡಿ ನಿಧಾನ ಮಾಡೋ ಮೆಟೊಪ್ರೊಲಾಲ್‌ನಂಥದ್ದು. ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಒಂದೇ ಸಾಲದು, ಒತ್ತಡ ಇಳಿದರೂ ಜಗ್ಗು ಇಳಿಯಲ್ಲ. ಮೆಟೊಪ್ರೊಲಾಲ್ ತಟ್ಟನೆ ನಿಲ್ಲಿಸಿದರೆ ಬಿಪಿ ಎಗರುತ್ತೆ, ನೀವಾಗೇ ನಿಲ್ಲಿಸಲೇಬೇಡಿ.

ಸಿಟಿ ಮೊದಲ ವರ್ಷ ಎರಡು ಮೂರು ಸಲ, ಆಮೇಲೆ ವರ್ಷಕ್ಕೊಮ್ಮೆ. ಬೆಂಗಳೂರಿಗೆ ಹೋಗೋ ಮುಂಚೆ ಇಲ್ಲೇ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮಾಡಿಸಿ ಹೊರಡಿ. ಕಿಡ್ನಿ ಸರಿಯಿಲ್ಲದೆ ಸಿಟಿಗೆ ಬೇಕಾದ ಡೈ ಹಾಕಲ್ಲ ಅಂದರೆ ಬಸ್ ಚಾರ್ಜು ದಂಡ. ಹಳೇ ಸಿಡಿ ತಗೊಂಡು ಹೋಗಿ, ಬರೀ ರಿಪೋರ್ಟ್ ನೋಡಿ ಬೆಳವಣಿಗೆ ಅಳೆಯೋಕಾಗಲ್ಲ.

ಮಂಡಿಗೆ ಹೋಗಲಿ, ಲೆಕ್ಕ ಬರೆಯಲಿ. 15 ಕೆ.ಜಿ. ಬಾಕ್ಸ್ ಎತ್ತಿ ಲಾರಿಗೆ ಹಾಕೋದು ಬೇಡವೇ ಬೇಡ. ಉಸಿರು ಬಿಗಿಹಿಡಿದು ಎತ್ತಿದಾಗ ಒತ್ತಡ ಕ್ಷಣಕ್ಕೆ 200 ದಾಟಬಹುದು, ಮಾತ್ರೆ ಅದನ್ನ ಪೂರ್ತಿ ತಡೆಯಲ್ಲ. ಮುಕ್ಕಿ ಮಲ ವಿಸರ್ಜಿಸೋದೂ ಅದೇ ಲೆಕ್ಕ. ನಡೆಯೋಕೆ ಮಾತ್ರ ತಡೆಯಬೇಡಿ. ಮುದ್ದೆ ಬಸ್ಸಾರು ಧಾರಾಳವಾಗಿ ಉಣ್ಣಲಿ, ಸಾರಿಗೆ ಉಪ್ಪು ಕಡಿಮೆ, ಉಪ್ಪಿನಕಾಯಿ ಇಲ್ಲ.

ಇನ್ನೊಂದು: ಭೇದಿ, ಉರಿಮೂತ್ರ ಅಂದ ಕೂಡಲೇ ಮೆಡಿಕಲ್ ಸ್ಟೋರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಕೊಡ್ತಾರೆ. ಈ ಗುಂಪಿನ ಔಷಧಿ ಮಹಾಧಮನಿಗೆ ಅಪಾಯ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಹೆಸರಿನ ಕೊನೆಗೆ ‘ಫ್ಲಾಕ್ಸಾಸಿನ್’ ಇದ್ದರೆ ಬೇರೆ ಕೇಳಿ.

ನೀವು, ನಿಮ್ಮ ಒಡಹುಟ್ಟಿದವರು, ಅಪ್ಪನ ಒಡಹುಟ್ಟಿದ ಚಿಕ್ಕಪ್ಪ, ಸೋದರತ್ತೆ ಎಲ್ಲರೂ ಒಂದೊಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಇದು ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುತ್ತೆ.