ನಿಷೇಧ ಬೇಕೆನ್ನುವವರೇ ಕವರ್ ಕೇಳುವುದೇಕೆ?

ಪ್ರಶ್ನೆ: ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಪ್ಲಾಸ್ಟಿಕ್ ನಿಷೇಧ ಒಳ್ಳೆಯದೇ ಎನ್ನುತ್ತಾರೆ. ಆದರೆ ಅವರೇ ವಾರದ ಸಂತೆಗೆ ಬರಿಗೈಯಲ್ಲಿ ಬಂದು, ಕಾಲು ಕೆ.ಜಿ. ಮೆಣಸಿನಕಾಯಿಗೂ ಕವರ್ ಕೇಳುತ್ತಾರೆ. ಜನರ ಬೆಂಬಲ ಬರಿಯ ಬಾಯಿಮಾತೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಬಾಯಿಮಾತು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಚರಂಡಿ ಕಟ್ಟಿಕೊಂಡು ಮಳೆನೀರು ಮನೆಗೆ ನುಗ್ಗಿದ್ದನ್ನು, ಮುಸುರೆಯೊಂದಿಗೆ ಕವರನ್ನೂ ನುಂಗಿದ ಹಸು ಹೊಟ್ಟೆಯುಬ್ಬಿ ನರಳಿದ್ದನ್ನು ಕಂಡವರು ನಿಷೇಧ ಬೇಕೆಂದರೆ ಅದು ಅನುಭವದ ಮಾತೇ. ಆದರೆ ಕವರ್ ಪುಕ್ಕಟೆಯಾಗಿ ಸಿಗುವವರೆಗೆ ಮನೆಯಿಂದ ಚೀಲ ಒಯ್ಯುವ ನೆನಪು ಯಾರಿಗೂ ಆಗುವುದಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಊಟದ ಮೇಜಿನ ಹಾಸು ಮುಂತಾದವುಗಳನ್ನು, ಅವುಗಳ ದಪ್ಪ ಎಷ್ಟೇ ಇರಲಿ, ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧವು ತಟ್ಟೆ, ಲೋಟ, ಸ್ಟ್ರಾ, ಸಿಹಿತಿಂಡಿ ಪೆಟ್ಟಿಗೆಗೆ ಸುತ್ತುವ ಹಾಳೆಗಳನ್ನು ಒಳಗೊಂಡರೂ, ಕೈಚೀಲ 120 ಮೈಕ್ರಾನ್‌ಗಿಂತ ತೆಳುವಾಗಿರಬಾರದು ಎಂದಷ್ಟೇ ಅದೇ ವರ್ಷದ ಕೊನೆಯಿಂದ ವಿಧಿಸಿದೆ. ಹೀಗೆ ಒಂದೇ ಚೀಲಕ್ಕೆ ಎರಡು ಅಳತೆಗಳಾದಾಗ ಸಂತೆಯ ವ್ಯಾಪಾರಿ ಗೊಂದಲಕ್ಕೆ ಬೀಳುವುದು ಸಹಜ.

ಅವರ ಅಸಮಾಧಾನವನ್ನು ನಾವು ಗೌರವದಿಂದ ಕೇಳಬೇಕು. ಕವರ್ ಕೊಡದಿದ್ದರೆ ಗಿರಾಕಿ ಪಕ್ಕದವರ ಬಳಿ ಹೋಗುತ್ತಾನೆ, ಕೊಟ್ಟರೆ ದಂಡ ಬೀಳುತ್ತದೆ. ಆದರೆ ಚಿಪ್ಸ್, ಬಿಸ್ಕತ್ತುಗಳ ಪೊಟ್ಟಣಗಳು ಈ ನಿಷೇಧದ ಪಟ್ಟಿಯಲ್ಲೇ ಇಲ್ಲ. ದಿನದ ಗಳಿಕೆಯನ್ನೇ ನಂಬಿದವರಿಗೆ ಇದು ಅನ್ಯಾಯವೆನಿಸಿದರೆ ತಪ್ಪೇನು?

ಮೊನ್ನೆ ಒಂದು ಹೋಟೆಲಿನಲ್ಲಿ ಇಡ್ಲಿಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟವರು, ಹಬೆಯಾಡುತ್ತಿದ್ದ ಸಾಂಬಾರನ್ನು ಮಾತ್ರ ತೆಳು ಕವರಿಗೆ ಸುರಿದು, ಬಾಯಿ ತಿರುಚಿ ದಾರ ಸುತ್ತಿದರು. ನನ್ನ ಹಿಂದೆ ನಿಂತಿದ್ದ ಅಜ್ಜಿ ಸ್ಟೀಲಿನ ಡಬ್ಬಿ ಚಾಚಿದಾಗ ಅದೇ ಹುಡುಗ ಮರುಮಾತಿಲ್ಲದೆ ಸೌಟಿನಿಂದ ತುಂಬಿಸಿಕೊಟ್ಟ. ಬಾಳೆಲೆ, ಮುತ್ತುಗದೆಲೆ, ಅಡಿಕೆ ಹಾಳೆ ನಮ್ಮಲ್ಲಿ ಬಳಕೆಯಲ್ಲಿರುವಂಥವೇ. ಸಾರು, ಮೊಸರು, ಮೀನಿನಂಥ ಒದ್ದೆ ಪದಾರ್ಥಗಳಿಗೆ ಡಬ್ಬಿಯನ್ನು ನಾವೇ ಒಯ್ಯಬೇಕು.

ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ತರಕಾರಿ ಮಾರುವ ಹೆಂಗಸಿಗೆ ಎಷ್ಟು ದಂಡ ಹಾಕಿದರೆಂದು ಕೇಳುವ ಬದಲು, ಆಕೆಗೆ ಕವರಿನ ಕಟ್ಟುಗಳನ್ನು ಒದಗಿಸುವ ಸಗಟು ಮಳಿಗೆಯ ಮೇಲೆ ಯಾವ ಕ್ರಮ ಕೈಗೊಂಡಿದ್ದಾರೆಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ.