ಹೊಸದಾಗಿ ಬಂದ ಯಂಗ್ ಅಡಲ್ಟ್ ಫ್ಯಾಂಟಸಿ ಕಾದಂಬರಿಗಳಲ್ಲಿ ಮೊದಲು ಯಾವುದನ್ನು ಓದಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಯಾದಗಿರಿಯಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೀರಿ. ಹತ್ತನೆಯ ತನಕ ಕನ್ನಡ ಮೀಡಿಯಂ. ಹ್ಯಾರಿ ಪಾಟರ್ ಏಳೂ ಭಾಗ ಮುಗಿದಿದೆ, ಈಗ ಯಂಗ್ ಅಡಲ್ಟ್ ಫ್ಯಾಂಟಸಿ, ಅಂದರೆ ಹದಿಹರೆಯದವರಿಗೆ ಅಂತ ಬರೆದ ಮಾಯಾಲೋಕದ ಕಥೆ, ಇತ್ತೀಚೆಗೆ ಬಂದದ್ದು ಏನಾದರೂ ಬೇಕು. ಕೈಯಲ್ಲಿರುವ ದುಡ್ಡು ಎರಡು ಪುಸ್ತಕಕ್ಕೆ ಮಾತ್ರ ಸಾಕು.

ಮೊದಲು ಉತ್ತರ, ಆಮೇಲೆ ಪುರಾಣ. ಒಂದನೆಯದು ರೆಬೆಕಾ ರಾಸ್ ಬರೆದ ‘ಡಿವೈನ್ ರೈವಲ್ಸ್’. ಎರಡನೆಯದು ಮೊನಿಕ್ವಿಲ್ ಬ್ಲ್ಯಾಕ್‌ಗೂಸ್ ಅವರ ‘ಟು ಶೇಪ್ ಎ ಡ್ರ್ಯಾಗನ್ಸ್ ಬ್ರೆತ್’. ಎರಡೂ 2023ರಲ್ಲಿ ಬಂದವು. ಹೊಸದು ಅಂದರೆ ಈ ತಿಂಗಳೇ ಬಂದಿರಬೇಕು ಅಂತ ನೀವು ಅಂದುಕೊಂಡಿದ್ದರೆ ಸ್ವಲ್ಪ ಬೇಜಾರಾಗಬಹುದು. ಬೇಕಂತಲೇ ಹಾಗೆ ಆರಿಸಿದ್ದೇನೆ.

ನಾನು ಕಲಬುರಗಿಯವನು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ವಯಸ್ಸು ಮೂವತ್ತೇಳು, ಅಂದರೆ ಯಂಗ್ ಅಡಲ್ಟ್‌ನಲ್ಲಿ ಯಂಗ್ ಹೋಗಿ ಬಹಳ ವರ್ಷ ಆಯ್ತು. ತೊಗರಿ ಬರುವ ಡಿಸೆಂಬರ್‌ನಿಂದ ಫೆಬ್ರವರಿ ತನಕ ಪುಸ್ತಕ ಮುಟ್ಟಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ, ಹೊರಗೆ ಕಾಲಿಡಲಾಗದ ನಮ್ಮ ಬಿಸಿಲಿನಲ್ಲಿ, ಬಾಕಿ ಎಲ್ಲ ತೀರಿಸುತ್ತೇನೆ. ನಾನೂ ಕನ್ನಡ ಮೀಡಿಯಂ. ಅದಕ್ಕೇ ಉತ್ತರ ಬರೆಯಲು ಕೂತೆ. ಇಂಥ ಪ್ರಶ್ನೆ ಬಂದಾಗ ಕಥೆ ಎಷ್ಟು ಸೊಗಸಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಬೇಳೆಯಲ್ಲಿ ಕಲ್ಲು ಸಿಕ್ಕ ಹಾಗೆ ಎಷ್ಟು ಪದ ಹಲ್ಲಿಗೆ ತಾಗುತ್ತವೆ ಅಂತ ಯಾರೂ ಹೇಳಲ್ಲ.

ಮೊದಲು ಈ ‘ಹೊಸದು’ ಅನ್ನುವುದರ ಕಥೆ. ಈ ಬಗೆಯ ಪುಸ್ತಕಗಳು ಹೆಚ್ಚಾಗಿ ಸರಣಿಯಲ್ಲಿ ಬರುತ್ತವೆ. ಹಾಗಾಗಿ ರೀಲ್ಸ್‌ನಲ್ಲಿ ಮಿಂಚುವ ಹೊಸ ಪುಸ್ತಕ ಎಷ್ಟೋ ಸಲ ಎರಡನೆಯದೋ ಮೂರನೆಯದೋ ಆಗಿರುತ್ತದೆ. 2025ರಲ್ಲಿ ಬಂದ ಟ್ರೇಸಿ ಡಿಯಾನ್ ಅವರ ‘ಓತ್‌ಬೌಂಡ್’ ಮೂರನೆಯ ಭಾಗ. ಅದೇ ವರ್ಷದ ಲಾರೆನ್ ರಾಬರ್ಟ್ಸ್ ಅವರ ‘ಫಿಯರ್‌ಲೆಸ್’ ಕೂಡ ಮೂರನೆಯದೇ. ಮುಖಪುಟ ನೋಡಿ ಇವನ್ನು ತಗೊಂಡರೆ ಗುರುತಿಲ್ಲದ ಮದುವೆಯಲ್ಲಿ ಮೂರನೇ ಪಂಕ್ತಿಗೆ ಕೂತ ಹಾಗೆ. ಊಟವೇನೋ ಆಗುತ್ತದೆ, ಮದುಮಗ ಯಾರು ಅಂತ ಮಾತ್ರ ಗೊತ್ತಾಗಲ್ಲ. ಆಮೇಲೆ ಹಿಂದಿನ ಎರಡು ಭಾಗಕ್ಕೆ ಮತ್ತೆ ದುಡ್ಡು. ನಿಮ್ಮ ಹಾಗೆ ಎರಡೇ ಪುಸ್ತಕದ ಬಜೆಟ್ ಇರುವವರು ಒಂದೋ ಒಂಟಿ ಪುಸ್ತಕ ಹಿಡಿಯಬೇಕು, ಇಲ್ಲವೇ ಎರಡೇ ಭಾಗಕ್ಕೆ ಮುಗಿದುಹೋದ ಜೋಡಿ.

ಇನ್ನೊಂದು ಮಾತು. 2025ರ ಜನವರಿಯಲ್ಲಿ ಬಂದ ‘ಆನಿಕ್ಸ್ ಸ್ಟಾರ್ಮ್’ ಎಲ್ಲ ಕಡೆ ಕಾಣಿಸುತ್ತದೆ. ಡ್ರ್ಯಾಗನ್ ಇದೆ, ಕಾಲೇಜಿದೆ, ಅದಕ್ಕೆ ಹುಡುಗರ ಪುಸ್ತಕ ಅಂತ ಜನ ಕೊಡಿಸಿಬಿಡುತ್ತಾರೆ. ಅದು ‘ಫೋರ್ತ್ ವಿಂಗ್’ ಸರಣಿಯ ಮೂರನೆಯ ಭಾಗ, ಮೇಲಾಗಿ ದೊಡ್ಡವರಿಗೆ ಬರೆದದ್ದು. ಹಾಸಿಗೆಯ ದೃಶ್ಯಗಳೂ ಬಿಚ್ಚಿಯೇ ಇವೆ. ಓದಬಾರದು ಅಂತ ಹೇಳಲು ನಾನು ಯಾರೂ ಅಲ್ಲ. ಅಪ್ಪನ ಕೈಯಲ್ಲಿ ಆರ್ಡರ್ ಮಾಡಿಸುವ ಮುಂಚೆ ಗೊತ್ತಿರಲಿ ಅಂತ ಅಷ್ಟೇ.

‘ಡಿವೈನ್ ರೈವಲ್ಸ್’ ಯಾಕೆ ಮೊದಲು? ಸುಮ್ನೆ ಓದಿಸಿಕೊಂಡು ಹೋಗುತ್ತದೆ. ಐರಿಸ್ ಅನ್ನುವ ಹುಡುಗಿ ಪತ್ರಿಕೆಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಕಾಲಂ ಬರೆಯುವ ಒಂದೇ ಹುದ್ದೆಗೆ ಅವಳಿಗೂ ರೋಮನ್ ಕಿಟ್ ಅನ್ನುವ ಹುಡುಗನಿಗೂ ಪೈಪೋಟಿ. ಊರಾಚೆ ಇಬ್ಬರು ದೇವರುಗಳ ನಡುವೆ ಯುದ್ಧ, ಅಣ್ಣ ಅಲ್ಲಿಗೆ ಹೋದವನು ಸುದ್ದಿಯಿಲ್ಲ. ಐರಿಸ್ ಅಣ್ಣನಿಗೆ ಟೈಪ್‌ರೈಟರ್‌ನಲ್ಲಿ ಪತ್ರ ಬರೆದು ಕಪಾಟಿನ ಬಾಗಿಲ ಸಂದಿಯಲ್ಲಿ ತೂರಿಸುತ್ತಾಳೆ. ಪತ್ರ ಮಾಯ. ಅದು ಹೋಗಿ ಬೀಳುವುದು ಅದೇ ರೋಮನ್ ಕೋಣೆಯಲ್ಲಿ. ಇವಳಿಗೆ ಅದು ಗೊತ್ತಿಲ್ಲ, ಅವನಿಗೆ ಗೊತ್ತು. ಇಷ್ಟೇ ಮಾಯ. ಮಂತ್ರದಂಡ, ವಂಶವೃಕ್ಷ, ಮೊದಲ ಪುಟದಲ್ಲೇ ಬಾಯಿಪಾಠ ಮಾಡಬೇಕಾದ ಇಪ್ಪತ್ತು ಹೆಸರು ಯಾವುದೂ ಇಲ್ಲ. ಮಧ್ಯೆ ಮಧ್ಯೆ ಬರುವ ಪತ್ರಗಳು ಚಿಕ್ಕವು. ಇಂಗ್ಲಿಷ್ ಓದಿ ಸುಸ್ತಾಗುವ ಹೊತ್ತಿಗೆ ಒಂದು ಪತ್ರ ಬರುತ್ತದೆ, ಉಸಿರು ಎಳೆದುಕೊಳ್ಳಬಹುದು. ಎರಡನೆಯ ಭಾಗ ‘ರೂತ್‌ಲೆಸ್ ವೌಸ್’ ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂತು, ಅವರಿಬ್ಬರ ಕಥೆ ಅಲ್ಲಿಗೆ ಮುಗಿಯಿತು. ದೇವರುಗಳ ಕಡೆಯ ಕಥೆ ನನಗೆ ಸ್ವಲ್ಪ ಸಪ್ಪೆ ಅನಿಸಿತು. ಪ್ರೀತಿ ಪ್ರೇಮ ಜಾಸ್ತಿ, ಅದೂ ಹೇಳಿಬಿಡುತ್ತೇನೆ.

ಈಗ ಎರಡನೆಯದು. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ನಾನು ಫಸ್ಟ್ ಪಿಯುಸಿ ಸೈನ್ಸ್ ಸೇರಿದ ಮೊದಲ ವಾರ. ಗಾಳಿಯಲ್ಲಿ ಯಾವ ಅನಿಲ ಹೆಚ್ಚಿದೆ ಅಂತ ಲೆಕ್ಚರರ್ ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಗೊತ್ತಿತ್ತು. ಎದ್ದು ನಿಂತು ‘ಸಾರಜನಕ’ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನೈಟ್ರೋಜನ್ ಅನ್ನಬೇಕಿತ್ತು. ಹತ್ತನೆಯ ತನಕ ನನಗೆ ಜಲಜನಕ, ಆಮ್ಲಜನಕ, ಇಂಗಾಲ ಎಲ್ಲ ಮನೆಯ ಹೆಸರುಗಳು. ಆ ಒಂದು ಬೇಸಿಗೆ ರಜೆಯಲ್ಲಿ ಅವೆಲ್ಲ ಪರಕೀಯ ಆಗಿಬಿಟ್ಟವು. ತಿಳಿದಿದ್ದದ್ದೇನೂ ಕಡಿಮೆಯಾಗಿರಲಿಲ್ಲ, ಆದರೂ ದಡ್ಡ ಅನಿಸಿಕೊಂಡೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

‘ಟು ಶೇಪ್ ಎ ಡ್ರ್ಯಾಗನ್ಸ್ ಬ್ರೆತ್’ ಕಥೆಯಲ್ಲಿ ಅನೆಕಸ್ ಹದಿನೈದರ ಹುಡುಗಿ, ದ್ವೀಪವೊಂದರ ಮೂಲನಿವಾಸಿ. ಅವಳಿಗೆ ಡ್ರ್ಯಾಗನ್ ಮೊಟ್ಟೆ ಸಿಗುತ್ತದೆ. ಅವಳ ಜನ ಎಷ್ಟೋ ತಲೆಮಾರಿನಿಂದ ಡ್ರ್ಯಾಗನ್ ಕಂಡಿಲ್ಲ. ಊರಿಗೆಲ್ಲ ಹಬ್ಬ. ಆದರೆ ಆ ನೆಲ ಆಳುವವರು ಹೊರಗಿನಿಂದ ಬಂದವರು, ಅವರ ಕಾನೂನು ಬೇರೆ. ಡ್ರ್ಯಾಗನ್ ಸಾಕಬೇಕಾದರೆ ಅವರ ಶಾಲೆಗೆ ಹೋಗಿ ಅವರ ರೀತಿಯಲ್ಲಿ ಕಲಿಯಬೇಕು. ಫೇಲಾದರೆ ಮರಿಯನ್ನು ಕೊಲ್ಲುತ್ತಾರೆ. ಹುಡುಗಿ ಹೊರಡುತ್ತಾಳೆ.

ಅಲ್ಲಿ ಕಲಿಸುವುದೇನು ಅಂದುಕೊಂಡಿರಿ? ಕೆಮಿಸ್ಟ್ರಿ! ಈ ಪುಸ್ತಕದಲ್ಲಿ ಡ್ರ್ಯಾಗನ್ ಉಸಿರು ಬರೀ ಬೆಂಕಿ ಅಲ್ಲ. ಅದು ತಾಗಿದ ವಸ್ತು ತನ್ನ ಮೂಲಧಾತುಗಳಾಗಿ ಒಡೆಯುತ್ತದೆ. ಅದನ್ನು ಹತೋಟಿಗೆ ತಂದು ಬೇಕಾದ ರೂಪ ಕೊಡುವುದೇ ವಿದ್ಯೆ. ಆ ಧಾತುಗಳಿಗೆ ನಮಗೆ ಗೊತ್ತಿರುವ ಹೆಸರುಗಳಿಲ್ಲ, ಆಳುವವರ ಭಾಷೆಯ ಹೆಸರುಗಳಿವೆ. ಅನೆಕಸ್ ಅವನ್ನೆಲ್ಲ ಬಾಯಿಪಾಠ ಮಾಡಬೇಕು. ಓದುವ ನಾವೂ ಅವಳ ಜೊತೆ ತಡವರಿಸುತ್ತಾ ಇದು ಆಮ್ಲಜನಕ ಇರಬೇಕು, ಇದು ಇಂಗಾಲ ಅಂತ ಊಹಿಸುತ್ತಾ ಹೋಗುತ್ತೇವೆ. ಇಂಗ್ಲಿಷ್ ಮೀಡಿಯಂನವರಿಗೆ ಇದು ಕಿರಿಕಿರಿ. ನನ್ನ ಮಿಲ್ಲಿನ ಗೆಳೆಯನೊಬ್ಬ ಅಲ್ಲಿಗೇ ಕೈಬಿಟ್ಟ. ನನಗೆ ಮಾತ್ರ ಹದಿನಾರರ ಆ ಕ್ಲಾಸ್‌ರೂಮೇ ಕಣ್ಣ ಮುಂದೆ ಬಂತು. ವ್ಯತ್ಯಾಸ ಒಂದೇ. ಅನೆಕಸ್ ತಲೆ ತಗ್ಗಿಸುವುದಿಲ್ಲ. ಪದ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಾಳೆ, ಕಲಿಯುತ್ತಾಳೆ. ನಿಮ್ಮದೇ ಸರಿ ಅಂತ ಮಾತ್ರ ಒಪ್ಪುವುದಿಲ್ಲ. ಅವಳಿಗೆ ನಾಚಿಕೆ ಅನ್ನುವುದೇ ಗೊತ್ತಿಲ್ಲದ್ದು ಒಂದೊಂದು ಸಲ ನಂಬಲು ಕಷ್ಟ. ನಾನಾಗಿದ್ದರೆ ಅತ್ತು ಊರಿಗೆ ವಾಪಸ್ ಬಂದಿರುತ್ತಿದ್ದೆ.

ಇದರ ಇಂಗ್ಲಿಷ್ ಗಟ್ಟಿ. ದಿನಕ್ಕೆ ಹತ್ತು ಪುಟಕ್ಕಿಂತ ಜಾಸ್ತಿ ನನಗೆ ಸಾಗಲಿಲ್ಲ. ಕಾದಾಟ ಕಡಿಮೆ, ಊಟದ ಮನೆಯ ಮಾತು, ಪಾಠ, ಪತ್ರ ಜಾಸ್ತಿ. ಸರಣಿಯ ಮೊದಲನೆಯದಾದರೂ ಒಂದು ನೆಲೆಗೆ ಬಂದೇ ನಿಲ್ಲುತ್ತದೆ, ಬಾಗಿಲಲ್ಲಿ ನಿಲ್ಲಿಸಿ ಹೋಗುವುದಿಲ್ಲ. ಹ್ಯೂಗೋ ಪ್ರಶಸ್ತಿಗಳ ಜೊತೆ ಈ ವಯಸ್ಸಿನವರ ಪುಸ್ತಕಕ್ಕೆ ಕೊಡುವ ಲೋಡ್‌ಸ್ಟಾರ್ ಪ್ರಶಸ್ತಿ 2024ರಲ್ಲಿ ಇದಕ್ಕೇ ಬಂತು.

ಬೀದರಿನಲ್ಲಿರುವ ಅಕ್ಕನ ಮಗಳಿಗೆ ಇದನ್ನು ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ನನ್ನ ಜೊತೆ ಮಹಮೂದ್ ಗಾವಾನನ ಮದರಸಾಕ್ಕೆ ಬಂದಳು. 1472ರಲ್ಲಿ ಕಟ್ಟಿದ್ದು. ಪರ್ಷಿಯಾದ ಕಡೆಯಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದವನು ಕಟ್ಟಿಸಿದ ಕಾಲೇಜು, ದೊಡ್ಡ ಗ್ರಂಥಾಲಯವೂ ಇತ್ತು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಮಗ್ಗುಲೇ ಹಾರಿಹೋಯಿತು. ಈಗ ಒಂದೇ ಮಿನಾರು ನಿಂತಿದೆ, ಅದರ ಮೇಲೆ ಅಲ್ಲಲ್ಲಿ ನೀಲಿ ಹೆಂಚಿನ ಚೂರು. ಅವಳು ಆ ಮುರಿದ ಕಡೆ ನೋಡಿ, ‘ಮಾಮಾ, ಇಲ್ಲಿ ಡ್ರ್ಯಾಗನ್ ಸೀನಿಬಿಟ್ಟಿದೆ’ ಅಂದಳು. ಪುಸ್ತಕದ ತುಂಬ ಪೆನ್ಸಿಲ್ ಗುರುತು ಮಾಡಿದ್ದಾಳೆ. ಧಾತುಗಳ ಪಕ್ಕ ಕನ್ನಡದಲ್ಲಿ ಜಲಜನಕ, ಗಂಧಕ ಅಂತ ಬರೆದಿದ್ದಾಳೆ. ಎರಡು ಕಡೆ ತಪ್ಪಿದೆ, ನಾನು ತಿದ್ದಿಲ್ಲ.

ಈ ಎರಡೂ ಬೇಡ ಅನಿಸಿದರೆ ಇನ್ನೊಂದಿಷ್ಟು ಹೇಳುತ್ತೇನೆ. ಕಮೀಲಾ ಕೋಲ್ ಅವರ ‘ಸೋ ಲೆಟ್ ದೆಮ್ ಬರ್ನ್’ (2024) ವೇಗವಾಗಿ ಓಡುತ್ತದೆ. ಜಮೈಕಾದ ನೆರಳಿರುವ ದ್ವೀಪ, ಯುದ್ಧ ಗೆದ್ದು ಐದು ವರ್ಷ ಆಗಿದೆ. ದೇವರುಗಳನ್ನು ಮೈಮೇಲೆ ಬರಿಸಿಕೊಂಡು ಆ ಯುದ್ಧ ಗೆಲ್ಲಿಸಿದ್ದು ಫ್ಯಾರನ್ ಅನ್ನುವ ಹುಡುಗಿ. ಅವಳ ಅಕ್ಕ ಶತ್ರುಗಳ ಡ್ರ್ಯಾಗನ್‌ಗೆ ಗಂಟುಬೀಳುತ್ತಾಳೆ. ಬಿಡಿಸಬೇಕಾದರೆ ಅಕ್ಕನನ್ನೇ ಕೊಲ್ಲಬೇಕು ಅನ್ನುತ್ತಾರೆ ದೇವರುಗಳು. ಮೈಮೇಲೆ ದೇವರು ಬರುವುದನ್ನು ಜಾತ್ರೆಯಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 2025ರ ‘ದಿಸ್ ಎಂಡ್ಸ್ ಇನ್ ಎಂಬರ್ಸ್’ಗೆ ಕಥೆ ಮುಗಿಯುತ್ತದೆ.

ಒಂದೇ ಪುಸ್ತಕದಲ್ಲಿ ಮುಗಿಯಬೇಕು, ನಮ್ಮ ದೇಶದ್ದೇ ಆಗಬೇಕು ಅಂದರೆ ರತಿ ಮೆಹ್ರೋತ್ರಾ ಅವರ ‘ಫ್ಲವರ್ ಅಂಡ್ ಥಾರ್ನ್’ (2023). ಕಛ್‌ನ ಉಪ್ಪಿನ ಬಯಲಿನಲ್ಲಿ ಮಾಯದ ಹೂಗಳನ್ನು ಹುಡುಕುವ ಹುಡುಗಿ, ಹದಿನಾರನೆಯ ಶತಮಾನ, ದಂಡೆಯಲ್ಲಿ ಪೋರ್ಚುಗೀಸರು. ಮೊದಲರ್ಧ ಬಹಳ ಚೆನ್ನಾಗಿದೆ.

ದೆವ್ವದ ಕಥೆ ಇಷ್ಟವಾದರೆ ಡಾರ್ಸಿ ಲಿಟಲ್ ಬ್ಯಾಜರ್ ಅವರ ‘ಶೇನೆ ಲೆಂಡೆ’ (2024). ಸತ್ತ ನಾಯಿಗಳ ಆತ್ಮ ಜೊತೆಗಿಟ್ಟುಕೊಂಡು ಕಾಣೆಯಾದವರನ್ನು ಹುಡುಕುವ ತಾಯಿ ಮಗಳು. ಒಂದು ದಿನ ತಾಯಿಯೇ ಕಾಣೆ. 2025ರ ಲೋಡ್‌ಸ್ಟಾರ್ ಇದಕ್ಕೆ. ಮುಂಚೆ ಬಂದ ‘ಎಲಾತ್ಸೊಯೆ’ಗೆ ಇದು ಹಿನ್ನೆಲೆಯ ಕಥೆ, ಆದರೂ ಇದನ್ನೇ ಮೊದಲು ಓದಬಹುದು. ಸಬಾ ತಾಹಿರ್ ಅವರ ‘ಏರ್’ (Heir, 2024) ಬಗ್ಗೆಯೂ ಕೇಳಿರುತ್ತೀರಿ. ಅದು ಅವರ ಹಳೆಯ ನಾಲ್ಕು ಪುಸ್ತಕಗಳು ನಡೆದ ಲೋಕದಲ್ಲೇ ಇಪ್ಪತ್ತು ವರ್ಷದ ನಂತರ ನಡೆಯುತ್ತದೆ. ಆ ನಾಲ್ಕನ್ನು ಓದಿಲ್ಲದಿದ್ದರೆ ಈಗಲೇ ಬೇಡ.

ಕನ್ನಡದಲ್ಲಿ? ನಿಮ್ಮ ವಯಸ್ಸಿಗೇ ಅಂತ ಬರೆದ ಫ್ಯಾಂಟಸಿ ಕೈಗೆ ಸಿಗುವುದು ಕಡಿಮೆ. ಹೊಸದಲ್ಲದಿದ್ದರೂ ಪರವಾಗಿಲ್ಲ ಅಂದರೆ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಇದೆ. ದಪ್ಪ ಪುಸ್ತಕ, ದೊಡ್ಡವರ ಕಾದಂಬರಿ, ಆದರೆ ಲೋಕ ಕಟ್ಟುವುದು ಅಂದರೇನು ಅಂತ ಅಲ್ಲಿ ನೋಡಬಹುದು. ಪದಕೋಶ ತೆಗೆಯದೆ ಒಂದು ಮಾಯಾಲೋಕದೊಳಗೆ ಹೋಗುವ ಸುಖವೇ ಬೇರೆ.

ಕೊಳ್ಳುವ ಬಗ್ಗೆ ಒಂದು ಮಾತು. ಹೈದರಾಬಾದಿಗೆ ಹೋದಾಗ ಭಾನುವಾರ ಅಬಿಡ್ಸ್‌ನ ಫುಟ್‌ಪಾತ್ ಮೇಲೆ ಹಳೆಯ ಪುಸ್ತಕ ಹುಡುಕುವುದು ನನಗೆ ಹಬ್ಬ. ಆದರೆ ‘ಡಿವೈನ್ ರೈವಲ್ಸ್’ನಲ್ಲಿ ನಾನು ಮೋಸ ಹೋದೆ. ಎಲ್ಲಿ, ಯಾರ ಹತ್ತಿರ ಅನ್ನುವುದು ಬೇಡ. ಅರ್ಧ ಬೆಲೆ, ಹೊಳೆಯುವ ಮುಖಪುಟ. ಮನೆಗೆ ಬಂದು ಓದುತ್ತಾ ಹೋದರೆ ಅರ್ಧದಲ್ಲಿ ಓದಿದ್ದ ಪುಟಗಳೇ ಮತ್ತೆ ಬಂದವು. ಮೂವತ್ತೆರಡು ಪುಟ ಎರಡು ಸಲ, ಅಲ್ಲಿರಬೇಕಾಗಿದ್ದ ಮೂವತ್ತೆರಡು ಪುಟ ಇಲ್ಲವೇ ಇಲ್ಲ. ಐರಿಸ್ ಯುದ್ಧದ ವರದಿಗೆ ಹೊರಟವಳು ನನ್ನ ಪ್ರತಿಯಲ್ಲಿ ವಾಪಸ್ ಆಫೀಸಿಗೇ ಬಂದು ಕೂತಳು. ಕಳ್ಳ ಮುದ್ರಣ. ಕಾಗದ ಪೇಪರ್ ದೋಸೆಗಿಂತ ತೆಳು, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತಿತ್ತು. ಕೊನೆಗೆ ಅಸಲಿ ಪ್ರತಿಗೂ ದುಡ್ಡು ಕೊಟ್ಟೆ. ಹಳೆಯದು ಕೊಳ್ಳುವುದಾದರೆ ಪುಟದ ಸಂಖ್ಯೆ ನೋಡಿ, ಬೆಳಕಿಗೆ ಹಿಡಿದು ನೋಡಿ.

ಕೊಳ್ಳುವ ಮುಂಚೆ ಮೊಬೈಲಿನಲ್ಲಿ ಕಿಂಡಲ್ ಆ್ಯಪ್ ಹಾಕಿಕೊಂಡು ಸ್ಯಾಂಪಲ್ ಇಳಿಸಿಕೊಳ್ಳಿ. ಮೊದಲ ಒಂದೆರಡು ಅಧ್ಯಾಯ ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಪದ ಗೊತ್ತಾಗದಿದ್ದರೆ ಅದರ ಮೇಲೆ ಬೆರಳು ಒತ್ತಿ ಹಿಡಿದರೆ ಅರ್ಥ ಬರುತ್ತದೆ. ಆದರೆ ಪ್ರತಿ ಪದಕ್ಕೂ ಒತ್ತಬೇಡಿ, ಕಥೆ ಸತ್ತುಹೋಗುತ್ತದೆ. ನಾನು ಪುಟಕ್ಕೆ ಎರಡೇ ಪದ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಉಳಿದದ್ದನ್ನು ಊಹಿಸುತ್ತೇನೆ, ತಪ್ಪಿದರೆ ಮುಂದಿನ ಪುಟದಲ್ಲಿ ಗೊತ್ತಾಗುತ್ತದೆ.

ಎರಡೂ ಸ್ಯಾಂಪಲ್ ಓದಿ. ಮೂವತ್ತನೆಯ ಪುಟದ ಹೊತ್ತಿಗೆ ಯಾವುದನ್ನು ಕೆಳಗಿಡಲು ಆಗಲಿಲ್ಲವೋ ಅದಕ್ಕೆ ದುಡ್ಡು ಹಾಕಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೆಳಗೆ ಕೇಳಿ. ತೊಗರಿ ಸೀಸನ್ ಶುರುವಾಗುವ ತನಕ ಉತ್ತರ ಬೇಗ ಬರುತ್ತದೆ.